ಟ್ರಯಲ್ ಮಾಸ್ಟರ್ರ ಕೊನೆಯ ಆರ್ಡರ್

ಆ ಬೀದಿಯಲ್ಲಿ ಕೋಟು ಹೊಲಿಯುವ ದರ್ಜಿಗಳು ಮೂವರಿದ್ದರು. ಇಬ್ಬರನ್ನು ಜನ ಅಂಗಡಿಯ ಬೋರ್ಡು ನೋಡಿ ಗುರುತಿಸುತ್ತಿದ್ದರು. ಮೂರನೆಯವರಿಗೆ ಬೋರ್ಡೇ ಬೇಕಾಗಿರಲಿಲ್ಲ, ಅವರಿಗೆ ಟ್ರಯಲ್ ಮಾಸ್ಟರ್ ಎಂಬ ಅಡ್ಡಹೆಸರು ಅಂಟಿಕೊಂಡು ನಲವತ್ತು ವರ್ಷವಾಗಿತ್ತು. ಗಿರಾಕಿಯ ಮೈಮೇಲೆ ಹಾಕಿ ನೋಡದೆ ಒಂದೇ ಒಂದು ಬಟ್ಟೆಯನ್ನೂ ಅವರು ಅಂಗಡಿಯಿಂದ ಹೊರಗೆ ಬಿಟ್ಟವರಲ್ಲ. ಗಿರಾಕಿ ಗಡಿಯಾರ ತೋರಿಸಲಿ, ಕೈ ಮುಗಿಯಲಿ, ರೇಗಾಡಲಿ, ಜಪ್ಪಯ್ಯ ಅಂದರೂ ಕೊಡುತ್ತಿರಲಿಲ್ಲ.

"ಸುಮ್ನೆ ನಿಂತ್ಕೊಂಡ್ರೆ ಎಂಥ ಕೋಟೂ ಚೆನ್ನಾಗೇ ಕಾಣುತ್ತೆ ಸ್ವಾಮಿ. ಕೈ ಎತ್ತಿ ನೋಡೋಣ. ಹಾಂ. ಈಗ ಸ್ಟೂಲ್ ಮೇಲೆ ಕೂತ್ಕೊಳ್ಳಿ," ಎನ್ನುತ್ತಿದ್ದರು. ಅಷ್ಟರಲ್ಲಿ ಅವರ ಕಿವಿಯ ಮೇಲಿದ್ದ ಮೋಟು ಪೆನ್ಸಿಲ್ ಟಪ್ಪೆಂದು ನೆಲಕ್ಕೆ ಬೀಳುತ್ತಿತ್ತು. "ಅಯ್ಯೋ, ಸ್ವಲ್ಪ ಎತ್ಕೊಡ್ತೀರಾ?" ಗಿರಾಕಿ ಪಾಪ ವಯಸ್ಸಾದವರು ಎಂದು ಬಗ್ಗಿದರೆ ಮಾಸ್ಟರ್ರ ಕಣ್ಣು ಪೆನ್ಸಿಲ್ಲಿನ ಮೇಲಿರುತ್ತಿರಲಿಲ್ಲ, ಬೆನ್ನಿನ ಹೊಲಿಗೆಯ ಮೇಲಿರುತ್ತಿತ್ತು. ಅವರಿಗೆ ಮೂವತ್ತು ವರ್ಷವಿದ್ದಾಗಲೂ ಆ ಪೆನ್ಸಿಲ್ ಹೀಗೇ ಬೀಳುತ್ತಿತ್ತು ಎಂಬುದು ಹಳೇ ಗಿರಾಕಿಗಳಿಗಷ್ಟೇ ಗೊತ್ತು.

ಅಂಗಡಿ ಎಂದರೆ ಒಂದು ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ. ಉದ್ದನೆಯ ಒಂದು ಕನ್ನಡಿ, ಬಟ್ಟೆ ಕತ್ತರಿಸುವ ಮೇಜು, ಹೊಲಿಗೆ ಯಂತ್ರ, ಗೋಡೆಯ ಗೂಡಿನಲ್ಲಿ ಸುರುಳಿ ಸುತ್ತಿಟ್ಟ ಅರವತ್ತು ಎಪ್ಪತ್ತು ಅಳತೆ ಕಾಗದ. ಎಲ್ಲಕ್ಕಿಂತ ಮುಖ್ಯವಾದದ್ದು ಆರ್ಡರ್ ಪುಸ್ತಕ. ಒಬ್ಬ ಗಿರಾಕಿಗೆ ಒಂದು ಪುಟ. ಮೇಲೆ ಅಳತೆ, ಕೆಳಗೆ ತುಂಡು ತುಂಡು ಅಕ್ಷರದಲ್ಲಿ ಮಾಸ್ಟರ್ರ ಷರಾ, ಬಿಡಿಸಿ ಓದಿದರೆ: 'ಎಡ ಭುಜ ಇಳಿದಿದೆ.' 'ಕೂತಾಗ ಹೊಟ್ಟೆ ಮುಂದೆ.' 'ಹೆಂಡತಿ ಹೇಳಿದ್ದೇ ಕೊನೆ.' ಇನ್ನು ಎಂಥ ಬಟ್ಟೆಯಾದರೂ ಹೊಲಿಗೆಯ ಒಳಗಡೆ ಒಂದಿಂಚು ಹೆಚ್ಚುವರಿ ಬಟ್ಟೆ ಬಿಡುವುದು ಅವರ ಕಡ್ಡಾಯ ಪದ್ಧತಿ. ಮುಂದೆ ಮೈ ಬಂದರೆ ಬಿಚ್ಚಿ ಅಗಲ ಮಾಡಿಕೊಳ್ಳಬಹುದು. "ಹೊಲಿಸಿದ ದಿನ ಇದ್ದ ಹಾಗೇ ಯಾವ ಮನುಷ್ಯ ಇರ್ತಾನೆ?" ಎಂದು ಕೇಳುತ್ತಿದ್ದರು. ಅಂಥ ಅಚ್ಚುಕಟ್ಟಿನ ಮನುಷ್ಯ ತಾವು ಮಾತ್ರ ಕಾಲರ್ ಹರಿದ ಅಂಗಿಯಲ್ಲೇ ಓಡಾಡುತ್ತಿದ್ದರೆಂಬುದನ್ನೂ ಹೇಳದಿದ್ದರೆ ಸರಿಯಾಗದು.

ಮಾಸ್ಟರ್ರಿಗೆ ಇಬ್ಬರು ಮಕ್ಕಳು. ಚಿಕ್ಕವನು ಫ್ರಿಜ್ಜು, ವಾಷಿಂಗ್ ಮೆಷಿನ್ನು ರಿಪೇರಿ ಮಾಡುವವನು, ಮೂಗಿನ ತುದಿಯಲ್ಲೇ ಕೋಪ, ಅಷ್ಟೇ ಬೇಗ ಇಳಿಯುವ ಕೋಪ. ದೊಡ್ಡವಳು ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂರುವವಳು. ಗಾಜಿನ ಆಚೆಯಿಂದ ದಿನಕ್ಕೆ ನಾನೂರು ಜನ ಪ್ರಶ್ನೆ ಕೇಳುತ್ತಾರೆ, ನಾನೂರಕ್ಕೂ ಅವಳ ಹತ್ತಿರ ಉತ್ತರವಿರುತ್ತದೆ. ಎಷ್ಟೊತ್ತಿಗೆ, ಯಾವ ಪ್ಲಾಟ್‌ಫಾರ್ಮು, ಕೊನೇ ಬಸ್ಸು ಹೋಯಿತೇ. ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಅವಳು ಉತ್ತರ ಗೊತ್ತಿಲ್ಲದೆ ಕಂಗಾಲಾಗಿ ನಿಂತದ್ದು ಒಂದೇ ಸಲ. ಅದು ಕೌಂಟರಿನಲ್ಲಿ ಅಲ್ಲ, ಆಸ್ಪತ್ರೆಯಲ್ಲಿ.

ಮಾಸ್ಟರ್ರಿಗೆ ಅರವತ್ತಾರಾಗಿದ್ದಾಗ ಅವಳ ತಾಯಿ ಬಟ್ಟೆ ಮಡಚುತ್ತಿದ್ದಾಗಲೇ ಕುಸಿದು ಬಿದ್ದರು. ತಲೆಯಲ್ಲಿ ರಕ್ತಸ್ರಾವ. ವೆಂಟಿಲೇಟರ್ ಹಾಕಬೇಕೋ ಬೇಡವೋ ಎಂದು ಡಾಕ್ಟರು ಕೇಳಿದರು. ಅಮ್ಮನಿಗೆ ಏನು ಬೇಕಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಆ ಮಾತು ಬಂದಾಗಲೆಲ್ಲ "ಬಿಡ್ತು ಅನ್ನು" ಎಂದು ಬಾಯಿ ಮುಚ್ಚಿಸುವುದೇ ರೂಢಿ. ಮಗಳು ಹಾಕಿ ಎಂದಳು. ನಾಲ್ಕನೇ ದಿನ ತಮ್ಮ ಸಾಕು ತೆಗೆಸಿಬಿಡೋಣ ಎಂದ. ಮಗಳು ಒಪ್ಪಲಿಲ್ಲ. ಅಮ್ಮ ಹನ್ನೊಂದು ದಿನ ಹಾಗೇ ಇದ್ದು ಹೋದರು. ಅಕ್ಕ ತಮ್ಮ ಒಂದೂವರೆ ವರ್ಷ ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೆ ಹೇಗೋ ಮಾತು ಬಂತು. ಆದರೆ ಆ ಹನ್ನೊಂದು ದಿನ ಅಮ್ಮನಿಗೆ ತಾನೇ ಹಿಂಸೆ ಕೊಟ್ಟೆನೇನೋ ಎಂಬ ಕೊರಗು ಮಗಳ ಎದೆಯಲ್ಲಿ ಉಳಿದೇಹೋಯಿತು. ಅದನ್ನು ಅವಳು ಯಾರ ಹತ್ತಿರವೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಮಾಸ್ಟರ್ರಿಗೆ ಎಪ್ಪತ್ತನಾಲ್ಕಾದಾಗ ಮೆಟ್ಟಿಲು ಹತ್ತಿದರೆ ಏದುಸಿರು ಶುರುವಾಯಿತು. ಮಗಳೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರಮ್ಮ ಚಿತ್ರ ಬರೆದು ವಿವರಿಸಿದರು.

"ಹೃದಯದ ಸ್ನಾಯು ಸಡಿಲ ಆಗಿದೆ ಮಾಸ್ಟರೇ."

"ಎಲಾಸ್ಟಿಕ್ ಹೋಗಿದೆ ಅನ್ನಿ."

"ಹೂಂ, ಹಾಗೇ ಅಂದ್ಕೊಳ್ಳಿ."

"ಬದಲಾಯಿಸೋಕೆ ಬರಲ್ವಾ?"

"ನಿಮ್ಮ ವಯಸ್ಸಿಗೆ ಬರಲ್ಲ."

"ಜೋಪಾನವಾಗಿ ಉಟ್ಕೊಂಡ್ರೆ ಎಷ್ಟು ದಿನ ಬರುತ್ತೆ?"

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಎರಡು ವರ್ಷ, ಅದೃಷ್ಟ ಚೆನ್ನಾಗಿದ್ದರೆ ಮೂರು ಎಂದರು. ಮಗಳು ಮಾತ್ರ ನಗಲಿಲ್ಲ. ಆಟೋದಲ್ಲಿ ಬರುವಾಗ ಅಪ್ಪ ಕಿಟಕಿಯಾಚೆ ಹೋಗುವವರ ಕೋಟಿನ ಭುಜ ನೋಡುತ್ತ ಕೂತಿದ್ದರೆ ಅವಳಿಗೆ ಒಂದೇ ಯೋಚನೆ. ಇನ್ನೊಂದು ಸಲ ಯಾರೋ ಬಂದು ಅದೇ ಪ್ರಶ್ನೆ ಕೇಳುತ್ತಾರೆ, ಆಗಲೂ ತಾನೇ ಉತ್ತರ ಹೇಳಬೇಕು.

ತಿಂಗಳೊಪ್ಪತ್ತಿನಲ್ಲಿ ಒಂದು ಭಾನುವಾರ ಮಾಸ್ಟರ್ರು ಇಬ್ಬರು ಮಕ್ಕಳಿಗೂ ತಂಗಿಗೂ ಫೋನು ಮಾಡಿದರು. "ಹತ್ತು ಗಂಟೆಗೆ ಮನೆಗೆ ಬನ್ನಿ. ಟ್ರಯಲ್ ಇದೆ." ತನಗೇನೋ ಕೋಟು ಹೊಲಿದಿದ್ದಾರೆ ಎಂದುಕೊಂಡು ಮಗ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಬಂದ. ಅತ್ತೆ, ಅಂದರೆ ಮಾಸ್ಟರ್ರ ತಂಗಿ, ಮಾತಿನಮಲ್ಲಿ, ಬಾಗಿಲಿನಿಂದಲೇ ಶುರು ಮಾಡಿದರು: "ನಂಗೂ ಏನಾದ್ರೂ ಹೊಲ್ದಿದ್ದೀಯೇನೋ ಅಣ್ಣಾ? ಜೀವಮಾನದಲ್ಲಿ ಒಂದು ಕರ್ಚೀಫು ಕೊಟ್ಟೋನಲ್ಲ ನೀನು."

ಮಾಸ್ಟರ್ರು ನಡುಮನೆಯ ದಿವಾನಿನ ಮೇಲೆ ಕಾಲು ಚಾಚಿ ಮಲಗಿದರು. "ನನ್ನ ಹೃದಯ ಕೈ ಕೊಟ್ಟಿದೆ. ಮಾತು ನಿಂತಿದೆ. ನಾನು ಎಲ್ಲಾ ಬರೆದಿಟ್ಟಿದ್ದೀನಿ. ಈಗ ಏನು ಮಾಡ್ತೀರೋ ಮಾಡಿ ತೋರಿಸಿ," ಎಂದು ಕಣ್ಣು ಮುಚ್ಚಿಕೊಂಡರು.

ಅತ್ತೆ ಕಿಟಾರನೆ ಕಿರುಚಿದರು. "ಬಿಡ್ತು ಅನ್ನು! ಭಾನುವಾರದ ದಿನ ಇದೆಂಥ ಮಂಗಾಟ!" ಎಂದು ಅಣ್ಣನ ತೋಳಿಗೆ ಎರಡು ಬಿಗಿದರು. ರೋಗಿ ಕಣ್ಣನ್ನು ಇನ್ನೂ ಬಿಗಿಯಾಗಿ ಮುಚ್ಚಿಕೊಂಡರು.

"ಬರೆದಿಟ್ಟಿದ್ದೀನಿ ಅಂದ್ರಲ್ಲ, ಎಲ್ಲಿ?" ಎಂದ ಮಗ. ಕಪಾಟು, ಟ್ರಂಕು, ದಿಂಬಿನ ಕೆಳಗೆ ಹುಡುಕಿದ್ದಾಯಿತು. ಅಂಗಡಿಯಲ್ಲಿರಬೇಕು ಎಂದು ಹೊಳೆದದ್ದು ಮಗಳಿಗೆ. ಬೀಗದ ಕೈಯೋ, ರೋಗಿಯ ಅಂಗಿಯ ಜೇಬಿನಲ್ಲೇ ಇತ್ತು. ಅದನ್ನು ತೆಗೆಯುವಾಗ ರೋಗಿಗೆ ಕಚಗುಳಿಯಾಗಿ ಹೊಟ್ಟೆ ಕುಲುಕಿತು. ಮಗ ಅಂಗಡಿಗೆ ಹೋಗಿ ಅರ್ಧ ಗಂಟೆ ಗೂಡನ್ನೆಲ್ಲ ತಡಕಾಡಿ ತಲೆಯೆಲ್ಲ ಧೂಳು ಮಾಡಿಕೊಂಡು ಬಂದ. ಕೊನೆಗೆ ಸಿಕ್ಕಿದ್ದು ಹೊಸದೊಂದು ಆರ್ಡರ್ ಪುಸ್ತಕ, ಅಳತೆ ಕಾಗದಗಳ ನಡುವೆ.

ಅದನ್ನು ಓದಲು ಹೋದರೆ ಇನ್ನೊಂದು ಪಜೀತಿ. ನಲವತ್ತು ವರ್ಷದ ಅಭ್ಯಾಸ ನೋಡಿ, ಮಾಸ್ಟರ್ರು ಗಿರಾಕಿಯ ಪುಟ ಬರೆದ ಹಾಗೇ ತಮ್ಮ ಕೊನೆಗಾಲವನ್ನೂ ತುಂಡು ತುಂಡು ಅಕ್ಷರದಲ್ಲಿ ಬರೆದಿದ್ದರು. 'ಮನೆ. ಕಿಟ. ಪಕ್ಕ. ಗದ್ದ. ಬೇಡ.' ಮನೆಯಲ್ಲಿ, ಕಿಟಕಿಯ ಪಕ್ಕ, ಗದ್ದಲ ಬೇಡ ಎಂದು ಮಗಳು ಬಿಡಿಸಿ ಓದುವಷ್ಟರಲ್ಲಿ ಆ ರೋಗಿ ಎರಡು ಸಲ ಸಾಯಬಹುದಿತ್ತು. ಡಾಕ್ಟರ ನಂಬರು ಎಂದು ಬರೆದದ್ದಕ್ಕೆ ಮಗ ಫೋನು ಮಾಡಿದ. ಎತ್ತಿದವನು ಗುಂಡಿ ಅಂಗಡಿಯವನು. "ಮಾಸ್ಟರ್ರಿಗೆ ಹೇಳಿ, ಕಪ್ಪು ಗುಂಡಿ ಬಂದಿದೆ," ಎಂದ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

ಮಗಳು ಮಾತ್ರ ಪುಸ್ತಕದ ಒಂದು ಸಾಲಿನ ಮೇಲೆ ಬೆರಳಿಟ್ಟು ನಿಂತಿದ್ದಳು. 'ವೆಂಟಿಲೇಟರ್ ಬೇಡ.' ಅದೊಂದನ್ನು ಮಾತ್ರ ಪೂರ್ತಿ ಬರೆದಿದ್ದರು.

"ಅಪ್ಪಾ, ನಿಮಗೆ ಹೃದಯ ಅಲ್ಲ, ಎದೆಗೆ ಸೋಂಕು ಆಯ್ತು ಅಂತಿಟ್ಕೊಳ್ಳಿ. ನಾಲ್ಕು ದಿನ ವೆಂಟಿಲೇಟರ್ ಹಾಕಿದ್ರೆ ಎದ್ದು ಬಂದು ಮತ್ತೆ ಹೊಲೀಬಹುದು ಅಂತಾರೆ ಡಾಕ್ಟ್ರು. ಆಗಲೂ ಬೇಡವಾ?"

ಮಾತು ನಿಂತ ರೋಗಿ ಪಟಕ್ಕನೆ ಕಣ್ಣು ಬಿಟ್ಟರು. "ಅದು ಬೇರೆ ವಿಷಯ."

"ಮತ್ತೆ ಇಲ್ಲಿ ಬರೀಲಿಲ್ವಲ್ಲ? ನಾನು ಇದನ್ನ ಓದಿ ಬೇಡ ಅಂದಿದ್ರೆ?"

ಮಾಸ್ಟರ್ರು ಎದ್ದು ಕೂತರು. "ಪೆನ್ಸಿಲ್ ಬೀಳಿಸ್ಬಿಟ್ಟೆಯಲ್ಲೇ," ಎಂದರು. "ನಿಂತಾಗ ಸರಿಯಾಗಿತ್ತು. ಬಗ್ಗಿದ ಕೂಡ್ಲೇ ಬೆನ್ನು ಹರೀತು." ಆಮೇಲೆ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಪುಟದ ಮೇಲೆ ಅಡ್ಡಗೆರೆ ಎಳೆದರು. "ಎಲ್ಲಾ ಬಿಚ್ಚಿ ಮತ್ತೆ ಹೊಲೀಬೇಕು. ಮುಂದಿನ ತಿಂಗಳು ಎರಡನೇ ಟ್ರಯಲ್."

"ಇನ್ನೊಂದು ಇದೆಯಾ?" ಎಂದು ಅತ್ತೆ ತಲೆ ಚಚ್ಚಿಕೊಂಡರು.

ಅದಾದ ಒಂದು ವಾರಕ್ಕೆ, ಮಧ್ಯಾಹ್ನ ಹನ್ನೆರಡರ ಸುಮಾರಿಗೆ, ವಿಚಾರಣೆ ಕೌಂಟರಿನ ಸಾಲಿನಲ್ಲಿ ಮಗಳಿಗೆ ಒಂದು ಪರಿಚಿತ ಹರಿದ ಕಾಲರ್ ಕಂಡಿತು. ಅಪ್ಪ ಸಾಲಿನಲ್ಲಿ ನಿಂತಿದ್ದರು, ಎಂಟು ಜನರ ಹಿಂದೆ. ಕೈ ಮಾಡಿ ಕರೆದರೂ ಬರಲಿಲ್ಲ. ತಮ್ಮ ಸರದಿ ಬಂದಾಗ ಗಾಜಿನ ಕಂಡಿಗೆ ಬಗ್ಗಿ, "ಒಂದು ವಿಷಯ ವಿಚಾರಿಸಬೇಕಿತ್ತು," ಎಂದರು.

"ಏನಪ್ಪಾ? ಹುಷಾರಾಗಿದ್ದೀರಾ?"

"ನಾನು ಹುಷಾರಾಗೇ ಇದ್ದೀನಿ. ಅಳತೆ ತಪ್ಪಿದ್ದು ಎಲ್ಲಿ ಅಂತ ಗೊತ್ತಾಯ್ತು. ಪುಸ್ತಕದಲ್ಲಿ ನನಗೇನು ಬೇಕು ಅಂತ ಬರೆದೆ. ಅದನ್ನ ಉಟ್ಕೋಬೇಕಾದವಳು ನೀನು. ನಿನ್ನ ಅಳತೆ ತಗೊಳ್ಳಲೇ ಇಲ್ಲ. ನಿಂಗೇನು ಬೇಕು ಹೇಳು."

ಹಿಂದೆ ನಿಂತವರು ಗೊಣಗತೊಡಗಿದರು. ಮಗಳು ಪಕ್ಕದವಳಿಗೆ ಕೌಂಟರು ಒಪ್ಪಿಸಿ ಹೊರಗೆ ಬಂದಳು. ಏಳನೇ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಇಬ್ಬರೂ ಕೂತರು. ಎದುರಿಗೆ ಒಂದು ಬಸ್ಸು ಗುರ್‍ ಎನ್ನುತ್ತ ನಿಂತಿತ್ತು. ಆ ಸದ್ದು ಇದ್ದದ್ದಕ್ಕೇ ಇರಬೇಕು, ಅವಳಿಗೆ ಬಾಯಿ ಬಿಡಲು ಧೈರ್ಯ ಬಂತು.

"ನಂಗೆ ಏನು ಬೇಕು ಅಂತ ನಂಗೇ ಗೊತ್ತಿಲ್ಲಪ್ಪ. ಆವತ್ತು ಅಮ್ಮಂಗೆ ಹಾಕಿ ಅಂದೆ. ಅದು ತಪ್ಪೋ ಸರಿಯೋ ಅಂತ ಇವತ್ತಿಗೂ ಗೊತ್ತಾಗಿಲ್ಲ. ಕೇಳೋಣ ಅಂದ್ರೆ ಅವಳೇ ಇಲ್ಲ. ಹೇಳಬೇಕಾಗಿದ್ದೋಳು ಅವಳೊಬ್ಬಳೇ."

ಮಾಸ್ಟರ್ರು ಕುತ್ತಿಗೆಯ ಟೇಪನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತರು. ಬಸ್ಸು ಹೊರಟುಹೋಯಿತು.

"ಡಾಕ್ಟ್ರು ಆವತ್ತು ಮೊದಲು ಕೇಳಿದ್ದು ನಿನ್ನನ್ನಲ್ಲ," ಎಂದರು. "ನನ್ನನ್ನ. ನೀನು ಫಾರ್ಮು ತುಂಬ್ತಾ ಇದ್ದೆ. ನಂಗೆ ನಾಲಿಗೆ ಏಳಲಿಲ್ಲ. ನಿನ್ನ ಕಡೆ ಕೈ ತೋರಿಸ್ಬಿಟ್ಟೆ. ಗಂಡ ಆದೋನು ಹೊರಬೇಕಾದ್ದನ್ನ ಮಗಳ ತಲೆ ಮೇಲೆ ಹಾಕಿ ಮೂಲೇಲಿ ಕೂತೆ. ಎಂಟು ವರ್ಷ ಅದನ್ನ ಹೇಳಲೂ ಇಲ್ಲ. ನನ್ನಿಂದ ತಪ್ಪಾಯ್ತಮ್ಮ."

ಅಪ್ಪ ತನ್ನ ಹತ್ತಿರ ತಪ್ಪಾಯಿತು ಎಂದದ್ದು ಅವಳಿಗೆ ಬುದ್ಧಿ ಬಂದಾಗಿನಿಂದ ಅದೇ ಮೊದಲು. ಅವಳು ಅಪ್ಪನ ಕಾಲರಿನಿಂದ ಇಳಿಬಿದ್ದಿದ್ದ ದಾರವನ್ನು ಕಿತ್ತಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ಭಾರದ ಒಂದು ಕಡೆಯನ್ನು ಯಾರೋ ಹಿಡಿದುಕೊಂಡ ಹಾಗಾಯಿತು. ಪ್ಲಾಟ್‌ಫಾರ್ಮಿನ ಜನದ ನಡುವೆ ಕೂತು ಚೆನ್ನಾಗಿ ಅತ್ತಳು. ಯಾರನ್ನೋ ಬಸ್ಸು ಹತ್ತಿಸಿ ಅಳುತ್ತಿದ್ದಾಳೆ ಎಂದುಕೊಂಡು ಜನ ತಮ್ಮ ಪಾಡಿಗೆ ತಾವು ಹೋದರು.

ಎರಡನೇ ಟ್ರಯಲ್ಲಿಗೆ ಮಾಸ್ಟರ್ರು ಡಾಕ್ಟರಮ್ಮನ ಎದುರು ಕೂತು ಒಂದೊಂದೇ ವಿಚಾರ ಕೇಳಿ ತಿಳಿದುಕೊಂಡು ಬಂದಿದ್ದರು. ಈ ಸಲ ಎಲ್ಲವೂ ಪೂರ್ತಿ ಅಕ್ಷರದಲ್ಲಿತ್ತು. ಸೋಂಕಾದರೆ ಐದು ದಿನ ವೆಂಟಿಲೇಟರ್ ಇಟ್ಟು ನೋಡಿ. ಹೃದಯವೇ ಸೋತಿದ್ದರೆ ಬೇಡ, ಎದೆ ಒತ್ತುವುದೂ ಬೇಡ. ನೋವಿಗೆ, ಉಸಿರು ಕಟ್ಟುವುದಕ್ಕೆ ಔಷಧಿ ಕೊಡಿ, ಅದರಲ್ಲಿ ಜಿಪುಣತನ ಬೇಡ. ತೀರ್ಮಾನ ಹೇಳುವವಳು ಮಗಳು. ಅವಳು ಒಬ್ಬಳೇ ಇರಬಾರದು, ತಮ್ಮನೂ ಪಕ್ಕದಲ್ಲಿ ನಿಂತಿರಬೇಕು. ಆ ಕೊನೆಯ ಸಾಲನ್ನು ಸೇರಿಸಿದ್ದು ಮಗ. "ಆವತ್ತು ನಾನು ಕೂಗಾಡಿ ಹೊರಗೆ ಹೋಗ್ಬಿಟ್ಟೆ," ಎಂದ, ನೆಲ ನೋಡುತ್ತ. "ಈ ಸಲ ಹೋಗಲ್ಲ. ಬರ್ಕೊಳ್ಳಿ." ಆದರೂ ಎರಡನೇ ಟ್ರಯಲ್ಲಿನಲ್ಲೂ ಒಂದು ಎಡವಟ್ಟಾಯಿತು. ತನಗೆ ಯಾವ ಕೆಲಸವನ್ನೂ ಬರೆದಿಲ್ಲ ಎಂದು ಅತ್ತೆ ಮುಖ ಊದಿಸಿಕೊಂಡರು. ಊರಿಗೆಲ್ಲ ಫೋನು ಮಾಡಿ ತಿಳಿಸುವ ಕೆಲಸ ಅವರಿಗೆ ಸಿಕ್ಕಿತು. ಅಷ್ಟು ಒಪ್ಪುವ ಅಳತೆ ಮಾಸ್ಟರ್ರು ಯಾರಿಗೂ ತೆಗೆದಿರಲಿಲ್ಲ.

ಮೂರನೇ ಟ್ರಯಲ್ ಹನ್ನೆರಡು ನಿಮಿಷದಲ್ಲಿ ಮುಗಿಯಿತು. ಪುಸ್ತಕ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು, ಕಣ್ಣು ಮುಚ್ಚಿಕೊಂಡು ಹೋದರೂ ಕೈಗೆ ಸಿಗುವಂತೆ. ಒಂದು ಪ್ರತಿ ಡಾಕ್ಟರ ಹತ್ತಿರ, ಸಾಕ್ಷಿಗಳ ಸಹಿ ಸಮೇತ. ಅಂಗಡಿಯಲ್ಲಿ ಹೊಲಿಯಬೇಕಾದ ಬಟ್ಟೆಗೆಲ್ಲ ಚೀಟಿ: ಯಾರದ್ದು, ಎಲ್ಲಿಗೆ ಬಂದಿದೆ, ತಾವಿಲ್ಲದಿದ್ದರೆ ಬೀದಿಯ ಯಾವ ದರ್ಜಿ ಮುಗಿಸಿಕೊಡುತ್ತಾನೆ. ಮಗಳು ಪುಟ ತಿರುಗಿಸುತ್ತ ಹೋದಳು. ಕೊನೆಯ ಎರಡು ಹಾಳೆಗಳ ಅಂಚನ್ನು ಬಿಳಿ ದಾರದಿಂದ ಸೇರಿಸಿ ಕಚ್ಚಾ ಹೊಲಿಗೆ ಹಾಕಿತ್ತು, ಟ್ರಯಲ್ಲಿಗೆ ಮುಂಚೆ ಕೋಟಿನ ತೋಳಿಗೆ ಹಾಕುವ ಹಾಗೆ. ಮೇಲೆ ಬರೆದಿತ್ತು: 'ಎಲ್ಲ ಮುಗಿದ ಮೇಲೆ ಬಿಚ್ಚಿ.'

"ಇದೇನಪ್ಪಾ?"

"ಒಳಗೆ ಬಿಟ್ಟಿರೋ ಬಟ್ಟೆ," ಎಂದರು ಮಾಸ್ಟರ್ರು. "ಈಗ ಬೇಡ."

ಆಮೇಲೆ ಎರಡು ವರ್ಷ ಮಾಸ್ಟರ್ರು ಹಾಯಾಗಿದ್ದರು. ನಿಜ ಹೇಳಬೇಕೆಂದರೆ ಮನೆಯವರೆಲ್ಲ ಹಾಯಾಗಿದ್ದರು. ಹೇಳಬಾರದ ಮಾತನ್ನೆಲ್ಲ ಒಂದು ಸಲ ಹೇಳಿ ಮುಗಿಸಿದ್ದರಿಂದ ಬೇರೆ ಮಾತಿಗೆ ಜಾಗವಾಗಿತ್ತು. ಮಗ ಭಾನುವಾರ ಬಂದು ಅಪ್ಪನ ಹಳೇ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ. ಅತ್ತೆ ಫೋನು ಮಾಡಬೇಕಾದವರ ಪಟ್ಟಿಯನ್ನು ಆಗಾಗ ಪರಿಷ್ಕರಿಸುತ್ತ, "ಇವಳಿಗೆ ಹೇಳಲ್ಲ ಕಣೋ ಅಣ್ಣಾ, ಆವತ್ತು ನನ್ನ ನೋಡಿ ನೋಡದ ಹಾಗೆ ಹೋದ್ಲು," ಎಂದು ಹೆಸರು ಹೊಡೆದುಹಾಕುತ್ತಿದ್ದರು. ಮಗಳಂತೂ ಸಂಜೆ ಕೆಲಸ ಮುಗಿಸಿ ಅಂಗಡಿಯಲ್ಲಿ ಅರ್ಧ ಗಂಟೆ ಕೂತು ಹೋಗುವುದನ್ನು ರೂಢಿ ಮಾಡಿಕೊಂಡಳು. ಆ ಅರ್ಧ ಗಂಟೆಗಳಿಗಾಗಿ ಅವಳು ಇವತ್ತಿಗೂ ಋಣಿ.

ಅದು ನಡೆದದ್ದು ಒಂದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ. ಬ್ಯಾಂಕಿನ ಒಬ್ಬ ಮ್ಯಾನೇಜರು ಒಂದೇ ತೋಳು ಹಚ್ಚಿದ ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದರು. ಪೆನ್ಸಿಲ್ ಬಿತ್ತು. ಅವರು ಬಗ್ಗಿ ಎತ್ತಿಕೊಂಡು ತಿರುಗಿದರೆ ಮಾಸ್ಟರ್ರು ಸ್ಟೂಲಿನ ಮೇಲೆ ಕೂತು ಗೋಡೆಗೆ ಒರಗಿದ್ದರು. ಮುಖ ಬಿಳಿಚಿತ್ತು. ಅಂಗಡಿಯ ಗೋಡೆಯ ಮೇಲೆ ದಪ್ಪಕ್ಷರದಲ್ಲಿದ್ದ ಮಗಳ ನಂಬರಿಗೆ ಆ ಪುಣ್ಯಾತ್ಮರೇ ಫೋನು ಮಾಡಿದರು.

ಮಗಳು ಮನೆಗೆ ನುಗ್ಗಿ, ಮೊಳೆಯಿಂದ ಪುಸ್ತಕ ಎಳೆದುಕೊಂಡು ಆಸ್ಪತ್ರೆ ಮುಟ್ಟಿದಳು. ತಮ್ಮ ಆಗಲೇ ಬಂದು ನಿಂತಿದ್ದ. ತುರ್ತು ವಿಭಾಗದ ಡಾಕ್ಟರು ಹೊರಗೆ ಬಂದರು. ಇವರು ಹೊಸಬರು, ಚಿಕ್ಕ ವಯಸ್ಸಿನವರು. ಹತ್ತು ವರ್ಷದಿಂದ ಅವಳು ಕನಸಿನಲ್ಲೂ ಹೆದರುತ್ತಿದ್ದ ಪ್ರಶ್ನೆಯನ್ನು ಅವರು ಕೇಳಿದರು. "ಹೃದಯ ತುಂಬಾ ವೀಕ್ ಆಗಿದೆ. ವೆಂಟಿಲೇಟರ್ ಹಾಕೋದಾ?"

ಅವಳು ಪುಸ್ತಕ ಬಿಚ್ಚಿದಳು, ಪುಟ ಸಿಕ್ಕಿತು. ಜೋರಾಗಿ ಓದಿದಳು. ತಮ್ಮ ಅವಳ ಭುಜಕ್ಕೆ ಭುಜ ತಾಗಿಸಿ ನಿಂತು, "ಹೌದು ಡಾಕ್ಟ್ರೇ, ಹಾಗೇ," ಎಂದ. ಡಾಕ್ಟರು ಪುಸ್ತಕ ಇಸಿದುಕೊಂಡು ತಾವೇ ಒಮ್ಮೆ ಓದಿದರು. "ಇಷ್ಟು ಸ್ಪಷ್ಟವಾಗಿ ಬರೆದಿಟ್ಟವರನ್ನ ನಾನು ನೋಡಿಲ್ಲ," ಎಂದು ನರ್ಸಿಗೆ ಔಷಧಿ ಕೊಡಲು ಹೇಳಿದರು. ಐದು ನಿಮಿಷದಲ್ಲಿ ತೀರ್ಮಾನ ಮುಗಿದೇಹೋಯಿತು. ಕೂಗಾಟವಿಲ್ಲ, ಕಾರಿಡಾರಿನಲ್ಲಿ ಅಕ್ಕ ತಮ್ಮನ ಜಗಳವಿಲ್ಲ. ಅವಳು ಗೋಡೆಗೆ ಒರಗಿ, ಅಪ್ಪ ಕೇಳಿಸಿಕೊಳ್ಳಲಿ ಬಿಡಲಿ, ಮನಸ್ಸಿನಲ್ಲೇ ಕೈ ಮುಗಿದಳು.

ಆದರೆ ಒಂದು ಸಾಲು ಸರಿಯಾಗಿ ಕೂರಲಿಲ್ಲ. 'ಮನೆಯಲ್ಲಿ, ಕಿಟಕಿಯ ಪಕ್ಕ.' ಈ ಸ್ಥಿತಿಯಲ್ಲಿ ಆಂಬುಲೆನ್ಸಿನಲ್ಲಿ ಸಾಗಿಸಿದರೆ ದಾರಿಯಲ್ಲೇ ಹೋಗಬಹುದು, ಇಲ್ಲೇ ಇದ್ದರೆ ಒಂದೆರಡು ದಿನ ಸಂಕಟವಿಲ್ಲದೆ ಇರುತ್ತಾರೆ ಎಂದರು ಡಾಕ್ಟರು. ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಮಗಳು ಎರಡು ಸಲ ಹುಡುಕಿದಳು. ಆಮೇಲೆ ತಮ್ಮನ ಮುಖ ನೋಡಿ, "ಇಲ್ಲೇ ಇರಲಿ," ಎಂದಳು. ನರ್ಸಮ್ಮನ ಹತ್ತಿರ ಗೋಗರೆದು ಮಂಚವನ್ನು ಕಿಟಕಿಯ ಪಕ್ಕಕ್ಕೆ ತಳ್ಳಿಸಿದಳು. ಆ ಕಿಟಕಿಯಿಂದ ಕಾಣುತ್ತಿದ್ದದ್ದು ಅವರ ಬೀದಿಯಲ್ಲ, ಸ್ಕೂಟರು ನಿಲ್ಲಿಸುವ ಜಾಗ.

ಮಾಸ್ಟರ್ರು ಎರಡು ದಿನ ಅರೆ ಎಚ್ಚರದಲ್ಲಿದ್ದರು. ಮಾತಾಡಲಿಲ್ಲ. ಮಗಳ ತೋಳಿನ ಬಟ್ಟೆ ಕೈಗೆ ಸಿಕ್ಕಾಗ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ತಿಕ್ಕಿ ನೋಡಿದರು, ಅಂಗಡಿಯಲ್ಲಿ ಬಟ್ಟೆಯ ಗುಣ ನೋಡುವ ಹಾಗೆ. ಶುಕ್ರವಾರ ಮಧ್ಯಾಹ್ನ ನಾಲ್ಕಕ್ಕೆ, ಇಬ್ಬರು ಮಕ್ಕಳು ಎರಡು ಕಡೆ ಕೂತಿದ್ದಾಗ, ಅತ್ತೆ ಕಾಲು ನೀವುತ್ತಿದ್ದಾಗ, ಉಸಿರು ನಿಂತಿತು. ಅತ್ತೆ ಎದ್ದು ಕಣ್ಣೊರೆಸಿಕೊಂಡು ಪಟ್ಟಿ ತೆಗೆದರು. ಹೊಡೆದುಹಾಕಿದ್ದ ಹೆಸರುಗಳಿಗೂ ಫೋನು ಮಾಡಿದರು.

ವಾರ ಕಳೆಯಿತು. ಮಗಳು ಕೌಂಟರಿಗೆ ವಾಪಸು ಹೋದಳು. ಆದರೆ ಹಳೆಯ ಹುಳು ಮತ್ತೆ ಕೊರೆಯಲು ಶುರುವಾಗಿತ್ತು. ಅಪ್ಪ ಕೇಳಿದ್ದೇ ಒಂದು, ಮನೆಯ ಕಿಟಕಿ. ಅದನ್ನೂ ಕೊಡಲಾಗಲಿಲ್ಲವಲ್ಲ. ಕರೆದುಕೊಂಡು ಬಂದಿದ್ದರೆ ಬದುಕಿ ಮನೆ ಮುಟ್ಟುತ್ತಿದ್ದರೇನೋ. "ಸರಿಯಾಗೇ ಮಾಡಿದೆ ಕಣೆ," ಎಂದರು ಅತ್ತೆ. "ಅಕ್ಕ, ಅದೇ ಸರಿ," ಎಂದ ತಮ್ಮ. ಇಬ್ಬರೂ ಮನಸಾರೆ ಹೇಳಿದ್ದರು. ಆದರೆ ಹೇಳಬೇಕಾದವರು ಅವರಲ್ಲವಲ್ಲ.

ಭಾನುವಾರ ಬೆಳಿಗ್ಗೆ ಅಕ್ಕ ತಮ್ಮ ಅಂಗಡಿಯ ಬಾಗಿಲು ತೆಗೆದರು. ಚೀಟಿ ನೋಡಿ ನೋಡಿ ಬಟ್ಟೆಗಳನ್ನು ವಿಂಗಡಿಸಿದರು. ಮ್ಯಾನೇಜರರ ಕೋಟು ಎದುರು ಅಂಗಡಿಯ ದರ್ಜಿಗೆ ಹೋಯಿತು. ಅವನು ಎರಡನೇ ತೋಳು ಹಚ್ಚಿಕೊಡುತ್ತೇನೆಂದು ಕಣ್ಣಲ್ಲಿ ನೀರು ತುಂಬಿಕೊಂಡು ಒಯ್ದ. ಎಲ್ಲ ಮುಗಿದು ಮೇಜು ಖಾಲಿಯಾದಾಗ ತಮ್ಮ ಪುಸ್ತಕವನ್ನು ಅವಳ ಮುಂದಿಟ್ಟ. "ಅಕ್ಕ, ಕೊನೇ ಪುಟ."

ಅವಳು ಅಪ್ಪನ ಸಣ್ಣ ಕತ್ತರಿ ತೆಗೆದುಕೊಂಡು ಬಿಳಿ ದಾರ ಕತ್ತರಿಸಿದಳು. ಕಚ್ಚಾ ಹೊಲಿಗೆ, ಒಂದು ಕಡೆ ಎಳೆದರೆ ಸರ್ರನೆ ಬಂದುಬಿಟ್ಟಿತು. ಒಳಗೆ ಅಪ್ಪನ ದುಂಡು ಅಕ್ಷರ, ಒಂದೂ ತುಂಡಿಲ್ಲದೆ ಪೂರ್ತಿ. ಅವಳು ತಮ್ಮನಿಗೂ ಕೇಳುವಂತೆ ಓದಿದಳು.

'ಮಗಳೇ, ಮೂರು ಟ್ರಯಲ್ ಮಾಡಿದ್ದೇವೆ. ಆದರೂ ಎಲ್ಲೋ ಒಂದು ಕಡೆ ಸರಿಯಾಗಿ ಕೂತಿರುವುದಿಲ್ಲ. ನನ್ನ ಕೆಲಸ ನನಗೆ ಗೊತ್ತು. ಕೂರದ ಕಡೆ ನೀನು ಬಿಚ್ಚಿ, ನಿನಗೆ ತೋಚಿದ ಹಾಗೆ ಸರಿಮಾಡಿರುತ್ತೀಯ. ಏನು ಮಾಡಿದೆಯೋ ಇದನ್ನು ಬರೆಯುವ ಹೊತ್ತಿಗೆ ನನಗೆ ಗೊತ್ತಿಲ್ಲ. ಏನೇ ಮಾಡಿದ್ದರೂ ಅದು ನನಗೆ ಸರಿಯಾಗಿ ಕೂತಿದೆ. ನಿಮ್ಮಮ್ಮನಿಗೂ ಕೂತಿತ್ತು. ಅದನ್ನು ಆವತ್ತೇ ನಾನು ಹೇಳಬೇಕಿತ್ತು. ಹೊತ್ತಿದ್ದಕ್ಕೆ, ಓದಿದ್ದಕ್ಕೆ, ಪಕ್ಕದಲ್ಲಿ ಕೂತಿದ್ದಕ್ಕೆ ನಿನಗೂ ತಮ್ಮನಿಗೂ ನನ್ನ ತಂಗಿಗೂ ನಾನು ಋಣಿ. ಇನ್ನು ಕನ್ನಡಿಯ ಮುಂದೆ ನಿಂತು ತಿರುಗಿ ತಿರುಗಿ ನೋಡಬೇಡ. ಇದಕ್ಕೆ ಟ್ರಯಲ್ ಬೇಡ. ಅಪ್ಪ.'

ತಮ್ಮ ಮೂಗು ಒರೆಸಿಕೊಂಡು, "ಟ್ರಯಲ್ ಬೇಡ ಅಂದ್ರಾ? ನಮ್ಮಪ್ಪಾನಾ?" ಎಂದ. ಇಬ್ಬರೂ ಆ ಖಾಲಿ ಮೇಜಿನ ಎರಡು ಕಡೆ ನಿಂತು ನಕ್ಕರು, ನಗುನಗುತ್ತಲೇ ಅತ್ತರು. ಸರಿಯಾಗಿ ಕೂತಿದೆ: ಹತ್ತು ವರ್ಷದಿಂದ ಅವಳು ಕೇಳಬೇಕೆಂದಿದ್ದ ಮಾತು ಅದೇ. ಅವಳು ಬಿಚ್ಚಿದ ಬಿಳಿ ದಾರವನ್ನು ಬೆರಳಿಗೆ ಸುತ್ತಿ ಜೇಬಿಗೆ ಹಾಕಿಕೊಂಡು, ಅಂಗಡಿಯ ದೀಪ ಆರಿಸಿದಳು.